ಕೊಯ್ಲಿಗೆ ಮುಂಚೆ ರೈಟರ್, ಮೇಸ್ತ್ರಿಗಳಿಗೆ ಕಾರ್ಮಿಕ ಕಾನೂನು ಹೇಳಿಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಅಮ್ಮತ್ತಿ ತೋಟದವಳು

ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿ ಕಡೆ ನಮ್ಮದು ನೂರು ಎಕರೆ ಹತ್ತಿರದ ರೊಬಸ್ಟಾ ಕಾಫಿ ತೋಟ, ಮರಗಳಿಗೆ ಮೆಣಸಿನ ಬಳ್ಳಿ. ಮಾವನ ಕಾಲದಿಂದ ಇದ್ದ ಮ್ಯಾನೇಜರ್ ನಿವೃತ್ತರಾದರು. ಈಗ ಲೆಕ್ಕಪತ್ರ ಎಲ್ಲ ನನ್ನ ಕೈಗೆ ಬಂದಿದೆ. ಹಾಜರಿ, ತೂಕ ಬರೆಯುವ ರೈಟರ್ ಮೂವರು, ಕೆಲಸ ಮಾಡಿಸುವ ಮೇಸ್ತ್ರಿಗಳು ಐದು ಜನ ಇದ್ದಾರೆ. ಕೆಲಸದವರಲ್ಲಿ ಸುಮಾರು ಅರ್ಧ ತೋಟದೊಳಗೇ ಇರುವ ನಮ್ಮ ಲೈನ್ ಮನೆಯವರು. ಉಳಿದವರು ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್‌ನಿಂದ ಬರುತ್ತಾರೆ.

ಆಡಿಟರ್ ಒಂದು ಉದ್ದ ಪಟ್ಟಿ ಕೊಟ್ಟಿದ್ದಾರೆ: ರಿಜಿಸ್ಟರ್, ಫಾರಂ, ರಿಟರ್ನ್. ಅದನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಚಿಂತೆ ಬೇರೆ. ತೋಟದೊಳಗೆ ದಿನಾ ತೀರ್ಮಾನ ಮಾಡುವವಳು ನಾನಲ್ಲ. ಯಾರಿಗೆ ಹಾಜರಿ, ಯಾರ ಚೀಲದಲ್ಲಿ ಎಷ್ಟು ಕಡಿತ, ಯಾರನ್ನು ಮರ ಹತ್ತಿಸುವುದು, ಯಾರಿಗೆ ಅಡ್ವಾನ್ಸ್, ಎಲ್ಲ ಅವರದೇ. ಅವರಿಗೆ ಕಾನೂನು ಹೇಳಿಕೊಟ್ಟವರು ಯಾರೂ ಇಲ್ಲ. ಒಂದು ದಿನ ವಕೀಲರನ್ನು ಕರೆಸಿ ಭಾಷಣ ಮಾಡಿಸಿದರೆ ಸಾಕಾಗುತ್ತದಾ? ಮಾಡಿದವರು ಇದ್ದರೆ ಹೇಳಿ.

ಹಳೇ ರೈಟರ್

ಸಾಕಾಗಲ್ಲಮ್ಮ. ವಕೀಲರು ಸೆಕ್ಷನ್ ಓದುತ್ತಾರೆ, ಊಟ ಆದ ಮೇಲೆ ಅರ್ಧ ಜನ ತೂಕಡಿಸುತ್ತಾರೆ, ಗ್ರೂಪ್ ಫೋಟೋ ತೆಗೆದು ಮನೆಗೆ ಹೋಗುತ್ತಾರೆ. ಮರುದಿನ ತೂಕದ ಹತ್ತಿರ ಅದೇ ಹಳೇ ಕಥೆ.

ನಾನು ಸಿದ್ದಾಪುರ, ಪಾಲಿಬೆಟ್ಟ ಕಡೆ ತುಂಬಾ ವರ್ಷ ರೈಟರ್ ಆಗಿದ್ದವನು. ನನ್ನನ್ನು ಕೇಳಿದರೆ ತೂಕದಿಂದಲೇ ಶುರು ಮಾಡಿ. ಸಂಜೆ ಚೀಲ ತೂಗುವ ಜಾಗದಲ್ಲಿ ಆಗುವಷ್ಟು ತಪ್ಪು ಆಫೀಸಿನಲ್ಲಿ ಆಗುವುದಿಲ್ಲ. ಎಲೆ ಇದೆ ಅಂತ ಒಂದು ಕೆಜಿ, ಹಸಿರು ಕಾಯಿ ಇದೆ ಅಂತ ಇನ್ನೊಂದು ಕೆಜಿ, ಚೀಲ ಒದ್ದೆ ಅಂತ ಮತ್ತೊಂದು. ಯಾರು ಹೇಳಿದರು, ಎಷ್ಟು ಅಂತ ಬರೆದಿದೆಯಾ, ಕೊಯ್ದವರಿಗೆ ತೋರಿಸಿದಿರಾ? ಒಂದೂ ಇಲ್ಲ. ರೈಟರ್ ಬಾಯಲ್ಲಿ ಬಂದದ್ದೇ ಲೆಕ್ಕ.

ಇನ್ನೊಂದು. ಕೆಜಿ ಲೆಕ್ಕದ ಕೊಯ್ಲಿಗೆ ಕನಿಷ್ಠ ಕೂಲಿ ಅನ್ವಯಿಸಲ್ಲ ಅಂತ ನಮ್ಮವರಲ್ಲಿ ಗಟ್ಟಿ ನಂಬಿಕೆ. ಅದು ಸುಳ್ಳು. ಸರ್ಕಾರ ದಿನಗೂಲಿಗೆ ಕನಿಷ್ಠ ದರ ಗೊತ್ತು ಮಾಡಿದ್ದರೆ, ಕೆಜಿ ಲೆಕ್ಕದವರಿಗೂ ಆ ದಿನದ ಕೊನೆಗೆ ಅಷ್ಟಾದರೂ ಸಿಗಬೇಕು. ಹಣ್ಣು ತುಂಬಿದಾಗ ಇದು ಗೊತ್ತೇ ಆಗುವುದಿಲ್ಲ. ಗಟ್ಟಿ ಕೈಯವರು ಕೂಲಿಗಿಂತ ಎಷ್ಟೋ ಜಾಸ್ತಿ ದುಡಿಯುತ್ತಾರೆ. ತೊಂದರೆ ಬರುವುದು ಮೊದಲ ಸುತ್ತಿನಲ್ಲಿ. ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನು ಹುಡುಕಿ ಹುಡುಕಿ ಕೊಯ್ಯಬೇಕು. ಕೊನೆಯ ಸುತ್ತೂ ಹಾಗೆಯೇ. ದಿನವಿಡೀ ನಿಂತರೂ ಚೀಲ ತುಂಬುವುದಿಲ್ಲ. ಆ ದಿನಗಳಲ್ಲಿ ಹಾಜರಿ ಲೆಕ್ಕಕ್ಕೆ ಬದಲಾಯಿಸಬೇಕು, ಇಲ್ಲ ಕಮ್ಮಿ ಬಿದ್ದದ್ದನ್ನು ತುಂಬಿಕೊಡಬೇಕು. ಇದನ್ನು ರೈಟರ್‌ಗೆ ಹೇಳಿಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ಕಳೆದ ವರ್ಷದ ಚೆಕ್‌ರೋಲ್, ಅಂದರೆ ಹಾಜರಿ-ಕೂಲಿ ಪುಸ್ತಕ ತೆಗೆದು ಅವರ ಕೈಯಲ್ಲೇ ಲೆಕ್ಕ ಮಾಡಿಸಿ. ಯಾವ ವಾರ ಯಾರಿಗೆ ಕಮ್ಮಿ ಬಿತ್ತು ಅಂತ ಅವರೇ ಕಂಡುಹಿಡಿಯಲಿ.

ಮಡಿಕೇರಿ ವಕೀಲೆ

ಹಳೇ ರೈಟರ್ ಹೇಳಿದ್ದು ಸರಿ ಇದೆ. ಮೊದಲ ದಿನವೇ ಹೇಳಬೇಕಾದ ಒಂದು ವಿಷಯ ಸೇರಿಸುತ್ತೇನೆ, ಕೇಳಿದ ತಕ್ಷಣ ಎಲ್ಲರೂ ಎದ್ದು ಕೂರುತ್ತಾರೆ.

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮಾಲೀಕ ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರು ಮಾತ್ರ ಆಗಿರಲಿಲ್ಲ. ತೋಟದ ವಹಿವಾಟನ್ನು ಮ್ಯಾನೇಜರ್‌ಗೆ ವಹಿಸಿದ್ದರೆ, ಆ ಹುದ್ದೆಯನ್ನು ಯಾವ ಹೆಸರಿನಿಂದ ಕರೆದರೂ, ಅವರನ್ನೂ ಮಾಲೀಕ ಎಂದೇ ಕಾನೂನು ನೋಡುತ್ತಿತ್ತು. ಹೊಸ ಸಂಹಿತೆಗಳಲ್ಲೂ ಇದೇ ಯೋಚನೆ ಮುಂದುವರಿದಿದೆ. "ಸಾಹುಕಾರ್ರು ಹೇಳಿದರು, ನಾನು ಮಾಡಿದೆ" ಅನ್ನುವುದು ಎಲ್ಲ ಕಡೆ ನಡೆಯುವುದಿಲ್ಲ.

ಇನ್ನು ಯಾವ ಕಾನೂನು ಅಂತ ಗೊಂದಲ ಬೇಡ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೂಲಿಗೆ ಒಂದು, ಕೈಗಾರಿಕಾ ಸಂಬಂಧಕ್ಕೆ ಒಂದು, ಸಾಮಾಜಿಕ ಭದ್ರತೆಗೆ ಒಂದು, ಸುರಕ್ಷತೆ ಮತ್ತು ಕೆಲಸದ ಸ್ಥಿತಿಗೆ ಒಂದು. ತೋಟ ಕಾರ್ಮಿಕರ ಕಾಯ್ದೆಯ ವಿಷಯಗಳು ಈ ಕೊನೆಯದರೊಳಗೆ ಸೇರಿವೆ. ಮೊದಲು 5 ಹೆಕ್ಟೇರ್ ಮತ್ತು 15 ಜನ ಕೆಲಸಗಾರರಿದ್ದರೆ ತೋಟದ ಕಾಯ್ದೆ ಬರುತ್ತಿತ್ತು. ಈಗ 5 ಹೆಕ್ಟೇರ್, 10 ಜನ. ಹಳೆಯ ತರಬೇತಿ ಪುಸ್ತಕ ಇಟ್ಟುಕೊಂಡು ಪಾಠ ಮಾಡುವವರನ್ನು ಕರೆಸಬೇಡಿ.

ಕೂಲಿ ಸಂಹಿತೆಯಲ್ಲಿ ರೈಟರ್‌ಗೆ ಬೇಕಾದದ್ದು ಇಷ್ಟು. ವಾರದ ಲೆಕ್ಕದವರಿಗೆ ವಾರದ ರಜೆಗೆ ಮುಂಚೆ, ಕೊನೆಯ ಕೆಲಸದ ದಿನ ಬಟವಾಡೆ ಆಗಬೇಕು. ತಿಂಗಳ ಲೆಕ್ಕದವರಿಗೆ ಮುಂದಿನ ತಿಂಗಳು 7ನೇ ತಾರೀಖಿನೊಳಗೆ. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಚುಕ್ತಾ. ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ದಾಟುವಂತಿಲ್ಲ. ದಂಡಕ್ಕೆ ಬೇರೆ ಮಿತಿ: ಆ ಅವಧಿಯ ಕೂಲಿಯ ಶೇ. 3. ಅದೂ ಯಾವ ತಪ್ಪಿಗೆ ದಂಡ ಅಂತ ಮೊದಲೇ ಮಂಜೂರಾಗಿ ಬೋರ್ಡಿನಲ್ಲಿ ಹಾಕಿರಬೇಕು, ಅವರ ಮಾತು ಕೇಳಬೇಕು. ತೂಕದಲ್ಲಿ ಮನಸ್ಸಿಗೆ ಬಂದಷ್ಟು ಕಡಿಯುವುದು ಈ ಯಾವ ಬಾಗಿಲಿನಲ್ಲೂ ತೂರುವುದಿಲ್ಲ.

ಸುಂಟಿಕೊಪ್ಪದ ಸಣ್ಣ ಬೆಳೆಗಾರ

ಇದೆಲ್ಲ ದೊಡ್ಡ ಎಸ್ಟೇಟ್‌ನವರಿಗೆ ಅಕ್ಕ. ನಮ್ಮದು ಹತ್ತು ಎಕರೆ. ಒಬ್ಬನೇ ಮೇಸ್ತ್ರಿ, ಅವನೂ ನಮ್ಮ ಜೊತೆ ಕೊಯ್ಯುತ್ತಾನೆ. ಕೊಡಗಿನಲ್ಲಿ ಹೆಚ್ಚಿನವರು ನಮ್ಮಂಥವರೇ. ಗೊಬ್ಬರದ ರೇಟ್ ನೋಡಿದ್ದೀರಾ? ಕೆಲಸಕ್ಕೆ ಜನ ಸಿಗುವುದೇ ಕಷ್ಟ, ಇನ್ನು ತರಬೇತಿ ಯಾರಿಗೆ?

ಮಡಿಕೇರಿ ವಕೀಲೆ

@ಸುಂಟಿಕೊಪ್ಪದ ಸಣ್ಣ ಬೆಳೆಗಾರ, 5 ಹೆಕ್ಟೇರ್ ಅಂದರೆ ಹನ್ನೆರಡು ಎಕರೆ ಚಿಲ್ಲರೆ. ತೋಟದ ವಸತಿ, ಕ್ಯಾಂಟೀನ್, ಶಿಶುವಿಹಾರದ ನಿಯಮಗಳು ನಿಮಗೆ ಬರುವುದಿಲ್ಲ, ನಿಜ. ಆದರೆ ಕನಿಷ್ಠ ಕೂಲಿ ಬರುತ್ತದೆ. ಜೀತ ಪದ್ಧತಿ ರದ್ದು ಮಾಡಿದ 1976ರ ಕಾಯ್ದೆ ಬರುತ್ತದೆ. ಬಾಲಕಾರ್ಮಿಕ ಕಾಯ್ದೆ ಬರುತ್ತದೆ. ನಿಮ್ಮ ತೋಟದಲ್ಲಿ ಹತ್ತು ಜನ ಇಲ್ಲದಿದ್ದರೂ ಲೈಂಗಿಕ ಕಿರುಕುಳದ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕೆಲಸದಲ್ಲಿ ಯಾರಾದರೂ ಬಿದ್ದು ಸತ್ತರೆ ಪರಿಹಾರ ಎಕರೆ ಕೇಳುವುದಿಲ್ಲ.

ಸುಂಟಿಕೊಪ್ಪದ ಸಣ್ಣ ಬೆಳೆಗಾರ

ಸರಿ, ಬಾಲಕಾರ್ಮಿಕ ಅಂದಿರಿ. ಅಪ್ಪ ಅಮ್ಮ ಕೊಯ್ಯುವಾಗ ಮಕ್ಕಳು ಉದುರಿದ ಹಣ್ಣು ಹೆಕ್ಕಿದರೆ ಅದೂ ತಪ್ಪಾ? ಮನೆ ಕೆಲಸಕ್ಕೆ ವಿನಾಯಿತಿ ಇದೆ ಅಂತಾರಲ್ವಾ?

ಮಡಿಕೇರಿ ವಕೀಲೆ

2016ರ ತಿದ್ದುಪಡಿಯಲ್ಲಿ ವಿನಾಯಿತಿ ಇರುವುದು ಮಗುವಿನ ಸ್ವಂತ ಕುಟುಂಬದ ಕಸುಬಿಗೆ. ಅದೂ ಶಾಲೆಯ ಹೊತ್ತು ಬಿಟ್ಟು, ಅಪಾಯದ ಕೆಲಸ ಅಲ್ಲದಿದ್ದರೆ. ನಿಮ್ಮ ತೋಟ ಆ ಮಗುವಿನ ಕುಟುಂಬದ ತೋಟ ಅಲ್ಲ. 14 ವರ್ಷದೊಳಗಿನವರು ಹೆಕ್ಕಿದ ಹಣ್ಣು ನಿಮ್ಮ ಚೀಲಕ್ಕೆ ಬಿದ್ದು ಅದಕ್ಕೆ ದುಡ್ಡು ಹೋದರೆ ಅದು ಕೆಲಸವೇ. ಮೊದಲ ಸಲ ಸಿಕ್ಕರೂ 6 ತಿಂಗಳಿಂದ 2 ವರ್ಷ ಜೈಲು, ಇಲ್ಲ 20 ಸಾವಿರದಿಂದ 50 ಸಾವಿರ ದಂಡ, ಇಲ್ಲ ಎರಡೂ.

ಲೈನ್‌ಮನೆ ಹುಡುಗಿ

ನಾನು ಲೈನ್ ಮನೆಯಲ್ಲೇ ಬೆಳೆದವಳು. ಈಗ ನರ್ಸ್. ಅಮ್ಮ ಇನ್ನೂ ಕೊಯ್ಲಿಗೆ ಹೋಗುತ್ತಾರೆ. ತೂಕದ ಬಗ್ಗೆ ಮಾತಾಡಿದಿರಿ, ಯಾರೂ ಹೇಳದ ಒಂದು ವಿಷಯ ಇದೆ.

ಗಂಡ, ಹೆಂಡತಿ ಇಬ್ಬರೂ ಕೊಯ್ಯುತ್ತಾರೆ. ಸಂಜೆ ಎರಡು ಚೀಲ ಒಟ್ಟಿಗೆ ತೂಗುತ್ತಾರೆ. ಪುಸ್ತಕದಲ್ಲಿ ಬೀಳುವುದು ಗಂಡನ ಹೆಸರು ಮಾತ್ರ. ದುಡ್ಡೂ ಅವನ ಕೈಗೆ. ರೈಟರ್‌ಗೆ ಸುಲಭ, ಒಂದು ಗೆರೆ ಬರೆದರೆ ಮುಗಿಯಿತು. ಆದರೆ ಅಮ್ಮನಂಥವರು ವರ್ಷಗಟ್ಟಲೆ ದುಡಿದರೂ ದಾಖಲೆಯಲ್ಲಿ ಅವರು ಕೆಲಸವನ್ನೇ ಮಾಡಿಲ್ಲ. ಹೆರಿಗೆ ಸೌಲಭ್ಯಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಎಲ್ಲಿದೆ 80 ದಿನ? ಗಂಡನ ಹೆಸರಿನಲ್ಲಿದೆ. ಪಿಎಫ್ ಇಲ್ಲ. ತೋಟದಲ್ಲಿ 5 ವರ್ಷ ಪೂರೈಸಿದವರಿಗೆ ವರ್ಷಕ್ಕೆ 15 ದಿನದ ಕೂಲಿಯಂತೆ ಗ್ರಾಚ್ಯುಟಿ, ಅದೂ ಇಲ್ಲ. 20 ದಿನ ದುಡಿದರೆ ಒಂದು ದಿನದ ಸಂಬಳದ ರಜೆ, ಅದೂ ಇಲ್ಲ.

ಯಾರೂ ಬೇಕಂತ ಮೋಸ ಮಾಡಿದ್ದಲ್ಲ ಇದು. ಸುಮ್ನೆ ಅಭ್ಯಾಸ. ಅದಕ್ಕೇ ತರಬೇತಿ ಬೇಕು ಅನ್ನುವುದು ನಾನು. ಒಂದು ತಲೆಗೆ ಒಂದು ಗೆರೆ. ಮೇಸ್ತ್ರಿಗೆ ಬೇರೇನೂ ಕಲಿಸದಿದ್ದರೂ ಇದನ್ನು ಕಲಿಸಿ.

ಹೆಂಗಸರಿಗೆ ದಿನಗೂಲಿ ಕಮ್ಮಿ ಕೊಡುವ ತೋಟಗಳೂ ಇವೆ. ಒಂದೇ ತರದ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾಯ್ದೆ ಬಂದಿತ್ತು, ಈಗ ಅದು ಕೂಲಿ ಸಂಹಿತೆಯಲ್ಲಿದೆ.

ಹಳೇ ರೈಟರ್

ಮಗಳೇ, ಸತ್ಯ. ನಮ್ಮ ಕಾಲದಲ್ಲಿ ಅದನ್ನು "ಜೋಡಿ ಲೆಕ್ಕ" ಅಂತಲೇ ಬರೆಯುತ್ತಿದ್ದೆವು. ಯಾರೂ ಕೇಳಲಿಲ್ಲ.

ಈಗಿನ ರೈಟರ್

ಎಲ್ಲರೂ ರೈಟರ್‌ಗೆ ಕಲಿಸಿ, ಮೇಸ್ತ್ರಿಗೆ ಕಲಿಸಿ ಅನ್ನುತ್ತಿದ್ದೀರಿ. ನಾನು ಈಗ ಕೆಲಸದಲ್ಲಿರುವವನು, ಹೇಳುತ್ತೇನೆ ಕೇಳಿ. ಏಳು ಗಂಟೆಗೆ ತೋಟದಲ್ಲಿರಬೇಕು. ಸಂಜೆ ತೂಕ ಮುಗಿದು, ಕಣದ ಲೆಕ್ಕ ಮುಗಿದು ಮನೆಗೆ ಹೋಗುವಾಗ ರಾತ್ರಿ. ಭಾನುವಾರವೂ ಫೋನ್. ನನಗೇ ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ. ಓವರ್‌ಟೈಮ್ ಅಂತ ಕೇಳಿದರೆ "ನೀನು ಸ್ಟಾಫ್ ಅಲ್ವಾ" ಅನ್ನುತ್ತಾರೆ. ಕೊಯ್ಲಿನ ಖರ್ಚು ಇಂತಿಷ್ಟು ದಾಟಬಾರದು ಅಂತ ಮೇಲಿಂದ ಹೇಳುತ್ತಾರೆ. ಜನರ ಬೈಗುಳ ತಿನ್ನುವುದು ನಾವು. ತೂಕದಲ್ಲಿ ಕಡಿದರೆ ಆ ದುಡ್ಡು ನನ್ನ ಜೇಬಿಗೆ ಬರುತ್ತದಾ? ಮೊದಲು ಸಾಹುಕಾರ್ರಿಗೆ ತರಬೇತಿ ಕೊಡಿ.

ಅಮ್ಮತ್ತಿ ತೋಟದವಳು

@ಈಗಿನ ರೈಟರ್, ಈ ಮಾತು ನನಗೆ ನೇರವಾಗಿ ತಗಲಿತು. ನಮ್ಮ ರೈಟರ್‌ಗಳಿಗೆ ಲೆಟರ್ ಇದೆಯಾ ಅಂತ ಈಗಲೇ ಫೈಲ್ ನೋಡಿದೆ. ಇಬ್ಬರಿಗೆ ಇಲ್ಲ.

ಮಡಿಕೇರಿ ವಕೀಲೆ

ಸುರಕ್ಷತೆಯ ಸಂಹಿತೆಯ ಪ್ರಕಾರ ಪ್ರತಿ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಲೇಬೇಕು. ಮೊದಲಿಂದ ಇದ್ದು ಪತ್ರ ಸಿಗದವರಿಗೆ ಸಂಹಿತೆ ಜಾರಿಯಾಗಿ 3 ತಿಂಗಳೊಳಗೆ ಕೊಡಬೇಕಿತ್ತು. ತರಬೇತಿಯ ದಿನ ಬೆಳಿಗ್ಗೆ ಮೊದಲು ಅವರ ಕೈಗೆ ಲೆಟರ್ ಕೊಟ್ಟು ಆಮೇಲೆ ಪಾಠ ಶುರು ಮಾಡಿ.

"ಸ್ಟಾಫ್ ಅಲ್ವಾ" ಅನ್ನುವುದಕ್ಕೂ ಒಂದು ಮಾತು. ಮೇಲ್ವಿಚಾರಕ ಅಂತ ಹೆಸರು ಕೊಟ್ಟ ಮಾತ್ರಕ್ಕೆ ಕಾನೂನಿನ ಹೊರಗೆ ಹೋಗುವುದಿಲ್ಲ. ನಿಜವಾಗಿ ಮಾಡುವ ಕೆಲಸ ಏನು ಅಂತ ನೋಡುತ್ತಾರೆ. ಮೇಲ್ವಿಚಾರಣೆಯೇ ಮಾಡಿದರೂ ತಿಂಗಳಿಗೆ 18 ಸಾವಿರ ದಾಟದ ಸಂಬಳದವರು ಹೊಸ ಸಂಹಿತೆಯಲ್ಲಿ ಕೆಲಸಗಾರರೇ. ಕೂಲಿ ಸಂಹಿತೆಯ ಮಟ್ಟಿಗೆ ಸಂಬಳದ ಈ ಮಿತಿ ಇಲ್ಲದೆ ಮೇಲ್ವಿಚಾರಕರೂ ಉದ್ಯೋಗಿಗಳ ಸಾಲಿನಲ್ಲೇ ಬರುತ್ತಾರೆ.

ಕುಶಾಲನಗರ ಎಚ್‌ಆರ್

ನಾನು ಕಾಫಿ ಕ್ಯೂರಿಂಗ್ ಕಡೆ ಇದ್ದೇನೆ. ನಮ್ಮದು ಫ್ಯಾಕ್ಟರಿ, ನಿಯಮ ಬೇರೆ. ಆದರೆ ಮೇಲ್ವಿಚಾರಕರಿಗೆ ಕಲಿಸುವ ವಿಷಯದಲ್ಲಿ ಗೋಳು ಒಂದೇ. ನಮ್ಮಲ್ಲಿ ಏನು ನಡೆಯಿತು ಹೇಳುತ್ತೇನೆ.

ಸೆಕ್ಷನ್ ನಂಬರ್ ಒಂದೂ ಹೇಳುವುದಿಲ್ಲ. ನಡೆಯುವಂಥ ಸನ್ನಿವೇಶ ಚೀಟಿಯಲ್ಲಿ ಬರೆದು ಕೊಡುತ್ತೇವೆ. "ಒಬ್ಬಳು ಬಂದು, ಲೋಡಿಂಗ್‌ನವನು ಕೆಟ್ಟದಾಗಿ ಮಾತಾಡಿದ ಅನ್ನುತ್ತಾಳೆ. ದೂರು ಬೇಡ, ನಿಮಗೆ ಹೇಳಿದೆ ಅಷ್ಟೇ ಅನ್ನುತ್ತಾಳೆ. ಏನು ಮಾಡುತ್ತೀರಿ?" ಎಲ್ಲರ ಉತ್ತರ ಮೊದಲು ಒಂದೇ: ಅವನನ್ನು ಕರೆದು ಬೈದು, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತೇವೆ. ಅಲ್ಲೇ ತಪ್ಪು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ವಿಚಾರಣೆ ಮಾಡುವುದು ಸಂಸ್ಥೆಯೊಳಗಿನ ಆಂತರಿಕ ಸಮಿತಿ. ರಾಜಿ ಅನ್ನುವುದು ಆ ಹೆಂಗಸು ತಾನಾಗಿ ಕೇಳಿದರೆ ಮಾತ್ರ, ಅದೂ ಸಮಿತಿಯ ಮುಂದೆ. ದುಡ್ಡು ಕೊಟ್ಟು ರಾಜಿ ಮಾಡುವಂತಿಲ್ಲ. ಮೇಲ್ವಿಚಾರಕನ ಕೆಲಸ ಮೂರು: ಕೇಳುವುದು, ಸಮಿತಿ ಎಲ್ಲಿದೆ ಯಾರಿದ್ದಾರೆ ಅಂತ ಹೇಳುವುದು, ಊರೆಲ್ಲ ಹೇಳದೆ ಇರುವುದು. ದೂರಿಗೆ 3 ತಿಂಗಳ ಗಡುವು ಇದೆ ಅನ್ನುವುದನ್ನೂ ತಿಳಿಸಬೇಕು. ಅವನು ಸುಮ್ನೆ ಕೂತು ದಿನ ತಳ್ಳಿದರೆ ನಷ್ಟ ಅವಳಿಗೆ.

ಹತ್ತು ಜನ ಇದ್ದರೆ ಸಮಿತಿ ಕಡ್ಡಾಯ. ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಒಬ್ಬರು ಹೊರಗಿನವರು. ಮಾಡದಿದ್ದರೆ 50 ಸಾವಿರದವರೆಗೆ ದಂಡ. ಇನ್ನೊಂದು ಗೊತ್ತಾ? ಉದ್ಯೋಗಿಗಳಿಗೆ ಆಗಾಗ ತಿಳಿವಳಿಕೆ ಕಾರ್ಯಕ್ರಮ ಮಾಡಬೇಕು ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಅಂದರೆ ಈ ಒಂದು ವಿಷಯಕ್ಕೆ ತರಬೇತಿ ನಿಮ್ಮ ಔದಾರ್ಯ ಅಲ್ಲ, ಕಾನೂನೇ ಕೇಳುತ್ತದೆ.

ಮಾಲೀಕರ ಮೇಲೆಯೇ ದೂರು ಇದ್ದರೆ ಒಳಗಿನ ಸಮಿತಿಗೆ ಅಲ್ಲ, ಜಿಲ್ಲೆಯ ಸಮಿತಿಗೆ. ಇದನ್ನೂ ಮೇಲ್ವಿಚಾರಕರಿಗೆ ಹೇಳಬೇಕು. ಹೇಳಲು ಮಾಲೀಕರು ಒಪ್ಪುತ್ತಾರಾ ಅನ್ನುವುದರಲ್ಲೇ ಅವರ ಮನಸ್ಸು ಗೊತ್ತಾಗುತ್ತದೆ.

ಕಕ್ಕಬ್ಬೆ ಹೋಂಸ್ಟೇ

ಹೋಂಸ್ಟೇ, ರೆಸಾರ್ಟ್‌ಗಳ ಕಥೆಯೂ ಇದೇ. ನಮಗೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು. ಲಾಂಗ್ ವೀಕೆಂಡ್ ಬಂದರೆ ಅಡುಗೆಯವರು, ರೂಮ್ ಬಾಯ್ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದು. ಸೂಪರ್‌ವೈಸರ್‌ಗೆ ಓವರ್‌ಟೈಮ್ ಡಬಲ್ ಅಂತ ಗೊತ್ತೇ ಇರಲಿಲ್ಲ. ಟಿಪ್ಸ್ ಸಿಗುತ್ತಲ್ಲ ಅಂತಿದ್ದ.

ತೋಟದ ಮಗ

ಅಡ್ವಾನ್ಸ್ ಬಗ್ಗೆ ಯಾರೂ ಮಾತೇ ಎತ್ತಿಲ್ಲವಲ್ಲ. ಕೊಡಗಿನಲ್ಲಿ ಕೂತು ಕಾರ್ಮಿಕ ಕಾನೂನು ಮಾತಾಡುವಾಗ ಇದೇ ಮೊದಲು ಬರಬೇಕಿತ್ತು. ಮೇಸ್ತ್ರಿ ಮದುವೆಗೆ, ಹಬ್ಬಕ್ಕೆ, ಆಸ್ಪತ್ರೆಗೆ ಅಂತ ಸಾಲ ಕೊಡಿಸುತ್ತಾನೆ. ಪುಸ್ತಕ ಅವನ ಹತ್ತಿರ. ಬೇರೆ ತೋಟಕ್ಕೆ ಹೋಗುತ್ತೇನೆ ಅಂದರೆ "ಸಾಲ ತೀರಿಸಿ ಹೋಗು" ಅನ್ನುತ್ತಾನೆ. ಇಲ್ಲ ಅಂದರೆ ಹೊಸ ತೋಟದವರು ಹಳೇ ಸಾಲ ಕಟ್ಟಿ ಮನೆಮಂದಿಯನ್ನು ಕರೆದುಕೊಂಡು ಹೋಗುತ್ತಾರೆ. ಇದು ಮಾಮೂಲಿ ಅಂತ ನಾವೆಲ್ಲ ನೋಡುತ್ತಲೇ ಬೆಳೆದಿದ್ದೇವೆ. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಿತ್ತಾಗ ಸುದ್ದಿಯಾದ ಆದಿವಾಸಿಗಳಲ್ಲಿ ತೋಟದ ಲೈನ್ ಮನೆ ಬಿಟ್ಟು ಬಂದವರೂ ಇದ್ದರು. ಯಾಕೆ ಬಿಟ್ಟು ಬಂದರು ಅಂತ ಆಗ ನಾವು ಯಾರಾದರೂ ಕೇಳಿಕೊಂಡೆವಾ?

ಮಡಿಕೇರಿ ವಕೀಲೆ

ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಅಡ್ವಾನ್ಸ್ ಕೊಡುವುದೇ ಅಪರಾಧ ಅಂತ ಹೆದರಿ ಕೆಲವರು ಕಷ್ಟಕ್ಕೂ ಕೊಡುವುದಿಲ್ಲ. ಸಾಲ ಕೊಡುವುದು ತಪ್ಪಲ್ಲ. ಲೆಕ್ಕ ಬರೆದು, ಕೂಲಿಯಲ್ಲಿ ಮಿತಿಯೊಳಗೆ ಸ್ವಲ್ಪ ಸ್ವಲ್ಪ ಹಿಡಿಯಬಹುದು. ತಪ್ಪು ಆಗುವುದು, ಆ ಸಾಲದ ನೆಪದಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗುವ, ಬೇಕಾದಲ್ಲಿ ಓಡಾಡುವ ಸ್ವಾತಂತ್ರ್ಯ ಕಿತ್ತುಕೊಂಡಾಗ. 1976ರ ಕಾಯ್ದೆಯಲ್ಲಿ ಅದು ಜೀತ. ಆ ಸಾಲ ಅಲ್ಲಿಗೇ ರದ್ದು. ಜೀತ ಮಾಡಿಸಿದವರಿಗೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕುಮ್ಮಕ್ಕು ಕೊಟ್ಟವರಿಗೂ ಅಷ್ಟೇ ಶಿಕ್ಷೆ, ಮೇಸ್ತ್ರಿ ಸಿಕ್ಕಿಬೀಳುವುದು ಅಲ್ಲಿ.

ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದರೆ ಅದೂ ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆ ಅಂದಿದೆ. ಕಮ್ಮಿ ಕೂಲಿ, ಮೇಲೆ ಸಾಲ, ಮೇಲೆ "ಹೋಗಬೇಡ" ಅನ್ನುವ ಮಾತು ಮೂರೂ ಸೇರಿದರೆ ತಹಶೀಲ್ದಾರರ ಮುಂದೆ ಏನು ವಾದ ಮಾಡುತ್ತೀರಿ?

ಮೇಸ್ತ್ರಿಗಳ ಬಾಯಿಂದ ಈ ಮೂರು ಮಾತು ಇನ್ನು ಬರದ ಹಾಗೆ ಮಾಡಿ. "ಸಾಲ ತೀರಿಸಿ ಹೋಗು." "ನಿನ್ನ ಆಧಾರ್ ನನ್ನ ಹತ್ತಿರ ಇರಲಿ." "ನೀನು ಹೋದರೆ ನಿನ್ನ ತಮ್ಮ ಬಂದು ದುಡಿಯಲಿ." ಹೊರ ರಾಜ್ಯದವರ ವಿವರ ಪೊಲೀಸರು ಕೇಳಿದರೆ ಜೆರಾಕ್ಸ್ ಸಾಕು, ಅಸಲು ಕಾರ್ಡ್ ಇಟ್ಟುಕೊಳ್ಳುವ ಹಾಗಿಲ್ಲ.

ಈಗಿನ ರೈಟರ್

ಹೊರಗಿಂದ ಬಂದವರ ಕೂಲಿ ಗುಂಪಿನ ಲೀಡರ್ ಕೈಗೆ ಕೊಡುತ್ತೇವೆ. ಅವನು ಹಂಚುತ್ತಾನೆ. ಅದು ಸರಿನಾ ಮೇಡಂ?

ಮಡಿಕೇರಿ ವಕೀಲೆ

ಅವನು ಹಂಚದಿದ್ದರೆ ನೀವು ಕೊಟ್ಟಂತಾಗುವುದಿಲ್ಲ. ಕಂಟ್ರಾಕ್ಟರ್ ಕೊಡದ ಕೂಲಿ ಕೊನೆಗೆ ತೋಟದ ತಲೆಗೇ ಬರುತ್ತದೆ. ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಒಬ್ಬೊಬ್ಬರ ಖಾತೆಗೇ ಹಾಕಿ.

ಲೈನ್‌ಮನೆ ಹುಡುಗಿ

ಬೈಗುಳದ ಬಗ್ಗೆಯೂ ಹೇಳಿಕೊಡಿ. ಎರವ, ಜೇನು ಕುರುಬ ಆದಿವಾಸಿಗಳನ್ನು ಜಾತಿ ಹೆಸರು ಹಿಡಿದು ಎಲ್ಲರ ಮುಂದೆ ಬೈಯುವುದು ಕೆಲವರಿಗೆ ಕೆಲಸ ಮಾಡಿಸುವ ರೀತಿ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಅದು ಕೇಸ್. ಕೆಲಸ ತೆಗೆಯಲು ಬೈದೆ ಅಂದರೆ ಪೊಲೀಸರು ಕೇಳುವುದಿಲ್ಲ.

ಹಳೇ ರೈಟರ್

ಈಗ ಅಪಾಯದ ಕೆಲಸಕ್ಕೆ ಬನ್ನಿ. ಮೆಣಸು ಕೊಯ್ಲಿಗೆ ಏಣಿ, ಮರ ಕಪಾತಿಗೆ (ಕೊಂಬೆ ಕಡಿಯಲು) ಹಗ್ಗ, ಬೋರ್ಡೋ ಔಷಧಿ ಹೊಡೆಯಲು ಪಂಪು. ಇದರ ಮೇಲೆ ಆನೆ. ಕೊಡಗಿನ ಮೇಲ್ವಿಚಾರಕನಿಗೆ ಬೆಂಗಳೂರಿನ ತರಬೇತುದಾರರು ಹೇಳಿಕೊಡಲಾಗದ ವಿಷಯ ಇದು. ಬೆಳಿಗ್ಗೆ ತೋಟದಲ್ಲಿ ಆನೆ ಇದೆ ಅಂತ ಮೆಸೇಜ್ ಬಂದ ಮೇಲೂ "ಆ ಬ್ಲಾಕ್ ಬಿಟ್ಟು ಈ ಬ್ಲಾಕ್ ಹೋಗಿ" ಅನ್ನುತ್ತಾರೆ. ಆನೆಗೆ ಬ್ಲಾಕ್ ನಂಬರ್ ಗೊತ್ತಾ?

ಯಾರಿಗಾದರೂ ಏನಾದರೂ ಆದರೆ ಎರಡು ಸುಳ್ಳು ಓಡಾಡುತ್ತವೆ. ಒಂದು, ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ನಮ್ಮದು ಮುಗಿಯಿತು. ಇನ್ನೊಂದು, ಅವನು ಕುಡಿದಿದ್ದ, ನಮ್ಮ ಹೊಣೆ ಇಲ್ಲ. ವಕೀಲೆ ಮೇಡಂ, ನಾನು ಹೇಳಿದ್ದು ಸರಿ ಅಲ್ವಾ?

ಮಡಿಕೇರಿ ವಕೀಲೆ

ಎರಡೂ ಸುಳ್ಳೇ. ಸರ್ಕಾರ ಕೊಡುವುದು ಬೇರೆ. ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆದ ಅಪಘಾತಕ್ಕೆ ಮಾಲೀಕರು ಕೊಡಬೇಕಾದ ಪರಿಹಾರ ಬೇರೆ. 1923ರ ಕಾಯ್ದೆಯಿಂದ ಬಂದ ನಿಯಮ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಕೂಲಿ ಮತ್ತು ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ. ಕುಡಿದಿದ್ದ ಅನ್ನುವ ವಾದ ಸಣ್ಣಪುಟ್ಟ ಗಾಯಕ್ಕೆ ನಡೆಯಬಹುದು. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದರೆ ನಡೆಯುವುದಿಲ್ಲ. ಮರ ಕಪಾತನ್ನು ಕಂಟ್ರಾಕ್ಟ್ ಕೊಟ್ಟಿದ್ದರೂ ಕುಟುಂಬದವರು ತೋಟದ ಮಾಲೀಕರನ್ನೇ ಕೇಳಬಹುದು. ಕೊಟ್ಟ ಮೇಲೆ ಮಾಲೀಕರು ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಬೇಕು.

ಮೇಲ್ವಿಚಾರಕರಿಗೆ ಕಲಿಸಬೇಕಾದದ್ದು: ಮೊದಲು ಆಸ್ಪತ್ರೆ. ಆಮೇಲೆ ಅದೇ ದಿನ, ನಡೆದದ್ದು ನಡೆದ ಹಾಗೆ ಬರೆಯುವುದು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಅಳಿಸುವುದು ಮಾತ್ರ ಎಂದೂ ಬೇಡ. ಅಳಿಸಿದ ಒಂದು ಗೆರೆ ಇಡೀ ಕೇಸನ್ನು ಕೆಡಿಸುತ್ತದೆ, ಕ್ರಿಮಿನಲ್ ಆಗಿಯೂ ತಿರುಗುತ್ತದೆ.

ಸುಂಟಿಕೊಪ್ಪದ ಸಣ್ಣ ಬೆಳೆಗಾರ

ಇದು ಹೆದರಿಕೆ ಹುಟ್ಟಿಸುತ್ತದೆ. ಇನ್ಶೂರೆನ್ಸ್ ಇದೆಯಾ ಇದಕ್ಕೆ?

ಕುಶಾಲನಗರ ಎಚ್‌ಆರ್

ಇದೆ. ಕಾರ್ಮಿಕ ಪರಿಹಾರದ ಪಾಲಿಸಿ ಅಂತ ಕೇಳಿ, ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ಎಷ್ಟು ಜನ, ಎಷ್ಟು ಕೂಲಿ ಅಂತ ಸರಿಯಾಗಿ ಬರೆಯಿರಿ. ಕೊಯ್ಲಿನ ಜನರನ್ನು ಬಿಟ್ಟು ಬರೆದು ಪ್ರೀಮಿಯಂ ಉಳಿಸಿದವರು ಕ್ಲೇಮ್ ಹೊತ್ತಿಗೆ ಪರದಾಡುತ್ತಾರೆ.

ತೋಟದ ಮಗ

ನನ್ನ ಅನುಮಾನ ಇನ್ನೂ ಹೋಗಿಲ್ಲ. ಕಲಿಸಿದಿರಿ, ಸರಿ. ಕೊಯ್ಲು ಜೋರಾದಾಗ, ಮಳೆ ಮೋಡ ಕಂಡಾಗ, ಕಣದಲ್ಲಿ ಹಣ್ಣು ಹರಡಿರುವಾಗ ಯಾರಿಗೆ ನೆನಪಿರುತ್ತದೆ? ನವೆಂಬರ್ 1 ಸಂಬಳದ ರಜೆ ಅಂತ ಎಷ್ಟು ರೈಟರ್‌ಗೆ ಗೊತ್ತು?

ಕುಶಾಲನಗರ ಎಚ್‌ಆರ್

ಎಲ್ಲವನ್ನೂ ನೆನಪಿಟ್ಟುಕೊಳ್ಳಿ ಅಂತ ನಾವು ಹೇಳುವುದೇ ಇಲ್ಲ. "ಇಲ್ಲಿ ನಿಲ್ಲಿ, ಫೋನ್ ಮಾಡಿ" ಅಂತ ಕೆಲವು ಜಾಗ ಗುರುತು ಹಾಕಿಕೊಟ್ಟಿದ್ದೇವೆ. ಕೆಲಸದಿಂದ ತೆಗೆಯುವುದು, ಕೂಲಿ ಹಿಡಿಯುವುದು, ಗರ್ಭಿಣಿಯ ವಿಷಯ, ಕಿರುಕುಳದ ದೂರು, ಗಾಯ. ಇವನ್ನು ಮೇಲ್ವಿಚಾರಕ ಒಬ್ಬನೇ ತೀರ್ಮಾನಿಸುವ ಹಾಗಿಲ್ಲ. ಉಳಿದದ್ದಕ್ಕೆ ಅವನ ಬುದ್ಧಿ ಸಾಕು. ಗರ್ಭಿಣಿ ಅಂತ ಗೊತ್ತಾದ ಕೂಡಲೇ "ನಾಳೆಯಿಂದ ಬರಬೇಡ" ಅನ್ನುವುದು ನಮ್ಮವರ ಕರುಣೆ. ಕಾನೂನಿನಲ್ಲಿ ಅವಳಿಗೆ 26 ವಾರ ಸಂಬಳದ ರಜೆ ಇದೆ. ಆ ಕರುಣೆಯಿಂದ ಅವಳು ಅದನ್ನು ಕಳೆದುಕೊಳ್ಳುತ್ತಾಳೆ.

ನವೆಂಬರ್ 1ರ ಬಗ್ಗೆ: ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಕಾಯ್ದೆ ನೋಡಿ. ಆ ದಿನ ಕೆಲಸ ಬೇಕೇ ಬೇಕಾದರೆ ಡಬಲ್ ಕೂಲಿ, ಇಲ್ಲ ಆ ದಿನದ ಕೂಲಿ ಕೊಟ್ಟು ಬದಲಿ ರಜೆ.

ಹಳೇ ರೈಟರ್

ಭಾಷೆಯ ಕಡೆಗೂ ಗಮನ ಇರಲಿ. ಬೋರ್ಡು ಕನ್ನಡ, ಇಂಗ್ಲಿಷಿನಲ್ಲಿ ಹಾಕಿದರೆ ಜಾರ್ಖಂಡ್‌ನವನಿಗೆ ಏನು ಗೊತ್ತಾಗುತ್ತದೆ? ಎರವರ ಮನೆಯವರಿಗೆ ಓದಿ ಹೇಳಬೇಕು. ಹಿಂದಿ ಬರುವ ಒಬ್ಬ ಮೇಸ್ತ್ರಿ ಇದ್ದರೆ ಅವನನ್ನೇ ಮುಂದೆ ಬಿಡಿ.

ಅಮ್ಮತ್ತಿ ತೋಟದವಳು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮನೆಯಲ್ಲಿ ಮಾತಾಡಿದೆ. ಮಾವನಿಗೆ ಸ್ವಲ್ಪ ಮುಜುಗರ ಆಯಿತು, ಆದರೂ ಒಪ್ಪಿದರು. ಒಂದು ದಿನದ ಭಾಷಣ ಬಿಟ್ಟಿದ್ದೇವೆ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಶುರು ಮಾಡಿ, ಹುತ್ತರಿ ಹಬ್ಬದ ಒಳಗೆ ಮುಗಿಸುವ ಯೋಚನೆ. ವಾರಕ್ಕೆ ಒಂದು ವಿಷಯ, ಎರಡು ಗಂಟೆ. ಮೊದಲನೆಯದು ತೂಕ ಮತ್ತು ಹಾಜರಿ, ತೂಕದ ಜಾಗದಲ್ಲೇ, ಕಳೆದ ವರ್ಷದ ಚೆಕ್‌ರೋಲ್ ಇಟ್ಟುಕೊಂಡು. ಎರಡನೆಯದು ಅಡ್ವಾನ್ಸ್. ಆ ದಿನ ಸಾಲದ ಪುಸ್ತಕಗಳು ಮೇಸ್ತ್ರಿಗಳ ಹತ್ತಿರದಿಂದ ಆಫೀಸಿಗೆ ಬರುತ್ತವೆ, ಪ್ರತಿಯೊಬ್ಬರಿಗೂ ಅವರ ಲೆಕ್ಕದ ಚೀಟಿ ಕೊಡುತ್ತೇವೆ. ಮೂರನೆಯದು ಗಾಯ, ಮರ, ಔಷಧಿ, ಆನೆ. ಕಿರುಕುಳದ ವಿಷಯಕ್ಕೆ ಹೊರಗಿನ ಸದಸ್ಯೆ ಸಿಕ್ಕಿದ ಮೇಲೆ ಅವರೇ ಬರಲಿ. ಹೊಸ ಕೂಲಿ ದರ, ತುಟ್ಟಿಭತ್ಯೆಯ ಆದೇಶ ಕಾರ್ಮಿಕ ಇಲಾಖೆಯಿಂದ ತಂದು ಮೊದಲ ದಿನವೇ ಗೋಡೆಗೆ ಅಂಟಿಸುತ್ತೇವೆ.

ಎಲ್ಲಕ್ಕಿಂತ ಮೊದಲು ಆ ಇಬ್ಬರು ರೈಟರ್‌ಗಳ ಲೆಟರ್. ಇವತ್ತು ಟೈಪ್ ಮಾಡಿಸಿದೆ.

ಲೈನ್‌ಮನೆ ಹುಡುಗಿ

ಚೆನ್ನಾಗಿದೆ ಅಕ್ಕ. ಕೆಲಸದವರನ್ನೂ ಒಂದು ದಿನ ಕೂರಿಸಿ. ಮೇಸ್ತ್ರಿಗೆ ಏನು ಹೇಳಿಕೊಟ್ಟಿದ್ದೀರಿ ಅಂತ ಅವರಿಗೂ ಗೊತ್ತಿದ್ದರೆ, ಮೇಸ್ತ್ರಿಗೆ ಮರೆಯುವುದು ಕಷ್ಟ.

ಅಮ್ಮತ್ತಿ ತೋಟದವಳು

ಒಪ್ಪಿದೆ. ಜೋಡಿ ಲೆಕ್ಕ ನಿಲ್ಲಿಸುವ ವಿಷಯ ಹೆಂಗಸರಿಗೆ ನಾನೇ ಹೇಳುತ್ತೇನೆ. ಗಂಡಸರು ಗಲಾಟೆ ಮಾಡಬಹುದು, ನೋಡೋಣ.

ಈಗಿನ ರೈಟರ್

ಒಂದು ಪ್ರಶ್ನೆ. ಆ ಎರಡು ಗಂಟೆ ಕೆಲಸದ ಹೊತ್ತಿನಲ್ಲಾ, ಸಂಜೆ ತೂಕ ಮುಗಿದ ಮೇಲಾ? ಹಾಜರಿ ಹಾಕುತ್ತೀರಾ?

ಅಮ್ಮತ್ತಿ ತೋಟದವಳು

ಕೆಲಸದ ಹೊತ್ತಿನಲ್ಲೇ. ಪೂರ್ತಿ ಹಾಜರಿ.